ಫೋನು ತುಂಬಾ ಹಿಲ್ಡಿಂಗ್

ನನ್ನ ಗುರುವಾರವನ್ನು ಯಾರಾದರೂ ಮುಟ್ಟಿದರೆ ನಾನು ಸುಮ್ಮನಿರುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಗುನ್ವೋರ್ ಜಗಳಗಂಟಿ ಅನ್ನಬೇಡಿ. ನಾರ್‌ಷೋಪಿಂಗ್ ಊರಿನ ನಮ್ಮ ಕಟ್ಟಡದಲ್ಲಿ ಹದಿನೆಂಟು ಮನೆ. ಅಷ್ಟಕ್ಕೂ ಸೇರಿ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ, ಎರಡು ಮೆಷಿನ್ನು, ಒಂದು ಡ್ರೈಯರ್. ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರ ತನಕದ ಹೊತ್ತು ಮೂವತ್ತಮೂರು ವರ್ಷದಿಂದ ನನ್ನದು. ಎಂಟಕ್ಕೆ ಬಿಳಿ ಬಟ್ಟೆ, ಒಂಬತ್ತೂವರೆಗೆ ಬಣ್ಣದ್ದು. ಹನ್ನೆರಡಕ್ಕೆ ಮೇಲೆ ಬಂದು ಬಟಾಣಿ ಸೂಪು ಕುಡಿದು, ಪ್ಯಾನ್‌ಕೇಕ್ ತಿಂದು, ಆಗತಾನೇ ಒಗೆದ ದಿಂಬಿಗೆ ತಲೆ ಕೊಟ್ಟು ಒಂದು ಗಂಟೆ ಮಲಗುತ್ತೇನೆ. ನನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಮಾಲ್ಮೋಗೆ ಓಡಿಹೋಗಿದ್ದು ಒಂದು ಬುಧವಾರ. ಮಾರನೇ ದಿನ ಎಂಟಕ್ಕೆ ನಾನು ಕೆಳಗೇ ಇದ್ದೆ. ಅವನ ಚಾದರಕ್ಕೆ ಮಾತ್ರ ತೊಂಬತ್ತು ಡಿಗ್ರಿ ಬಿಸಿ ಇಟ್ಟೆ.

ಮೊದಲೆಲ್ಲ ಒಗೆಯುವ ಕೋಣೆಯ ಬಾಗಿಲ ಪಕ್ಕ ಒಂದು ಬೋರ್ಡಿತ್ತು. ಮನೆಗೊಂದು ಪುಟ್ಟ ಬೀಗ. ಬೇಕಾದ ದಿನದ ತೂತಿಗೆ ಅದನ್ನು ಸಿಕ್ಕಿಸಿ ಕೀಲಿ ತಿರುಗಿಸಿದರೆ ಮುಗೀತು, ರಾಜನೇ ಬಂದರೂ ಆ ಹೊತ್ತು ನಿಮ್ಮದು. ಈ ವಸಂತದಲ್ಲಿ ನಮ್ಮ ಸಂಘದ ಅಧ್ಯಕ್ಷೆ ಪರ್ನಿಲ್ಲಾಗೆ ಏನು ಬಡಿಯಿತೋ, ಬೋರ್ಡು ಕಿತ್ತುಹಾಕಿಸಿ ನೋಟಿಸು ಅಂಟಿಸಿದಳು: ಇನ್ನು ಮೇಲೆ ಎಲ್ಲಾ ಆ್ಯಪ್‌ನಲ್ಲಿ. ಸೋಮವಾರ ಸಂಜೆ ಆರಕ್ಕೆ ಸರಿಯಾಗಿ ತೆರೆಯುತ್ತದೆ. ಯಾರು ಯಾವ ಹೊತ್ತು ಮೊದಲು ಹಿಡಿಯುತ್ತಾರೋ, ವರ್ಷಪೂರ್ತಿ ಅದು ಅವರದೇ.

ಸೋಮವಾರ ನಾಲ್ಕು ಗಂಟೆಗೆ ಕಾಫಿ ಕುಡಿದು ಫೋನು ತೆಗೆದೆ. ಆ್ಯಪ್ ಇಳಿಸಿಕೊಳ್ಳಲು ಒತ್ತಿದೆ. ಹಾಳಾದ ಫೋನು 'ಸಾಕಷ್ಟು ಜಾಗವಿಲ್ಲ' ಅಂತು. ಮತ್ತೆ ಒತ್ತಿದೆ. ಮತ್ತೆ ಅದೇ. ಪರ್ನಿಲ್ಲಾಗೆ ಕರೆ ಮಾಡಿದರೆ ಅವಳು ಎತ್ತಲಿಲ್ಲ. ಎದುರು ಮನೆಯವರು ಕೆಲಸಕ್ಕೆ ಹೋಗಿದ್ದರು. ಗ್ರಂಥಾಲಯದಲ್ಲಿ ಇಂಥದ್ದನ್ನು ಹೇಳಿಕೊಡುವ ಹುಡುಗಿ ಬರುವುದು ಮಂಗಳವಾರ. ಕೆಳಗಿಳಿದು, ಅಂಚೆಪೆಟ್ಟಿಗೆಗಳ ಕೆಳಗಿನ ಬೆಂಚಿನಲ್ಲಿ ಕೂತು ಆ ಫೋನಿನ ವಂಶವನ್ನೆಲ್ಲಾ ಜಾಲಾಡತೊಡಗಿದೆ.

"ಏನಾಯ್ತು ಗುನ್ವೋರ್ ಅವರೇ?"

ತಲೆ ಎತ್ತಿದರೆ ಹಿಲ್ಡಿಂಗ್! ಊರಿನಲ್ಲಿ ಒಂದೂವರೆ ಲಕ್ಷ ಜನ ಇದ್ದಾರೆ, ಅಷ್ಟರಲ್ಲಿ ಇವನೇ ಬರಬೇಕೇ? ಮೂರನೇ ಮಹಡಿಯವನು, ಎಪ್ಪತ್ತನಾಲ್ಕು ವರ್ಷ, ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಆರು ವರ್ಷದಿಂದ ಅವನಿಗೂ ನನಗೂ ಯುದ್ಧ. ಅವನಿಗೆ ಅದು ಗೊತ್ತಿರಲಿಲ್ಲ, ಅದು ಬೇರೆ ಮಾತು.

"ಏನಿಲ್ಲ," ಅಂದೆ.

"ಏನಿಲ್ಲ ಅಂತೀರಾ, ಬೈಗುಳ ಮೂರನೇ ಮಹಡಿ ತನಕ ಕೇಳಿಸ್ತಿದೆ."

"ಇದಕ್ಕೆ ಜಾಗ ಇಲ್ವಂತೆ. ನಾನು ದುಡ್ಡು ಕೊಟ್ಟು ತಂದ ಫೋನು, ನನಗೇ ಜಾಗ ಇಲ್ಲ ಅನ್ನತ್ತೆ!"

"ಅಷ್ಟೇನಾ? ಕೊಡಿ ಇಲ್ಲಿ. ಬೇಡದ್ದು ಅಳಿಸಿದ್ರೆ ಜಾಗ ಆಗತ್ತೆ." ಹೇಳದೆ ಕೇಳದೆ ಪಕ್ಕದಲ್ಲಿ ಕೂತೇಬಿಟ್ಟ.

ಫೋನನ್ನು ಎದೆಗವಚಿಕೊಂಡೆ. ಆ ಫೋನು ತುಂಬಾ ಹಿಲ್ಡಿಂಗೇ ಇದ್ದ.

ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಯಾರೂ ಪಕ್ಕದವರ ಬಾಗಿಲು ತಟ್ಟಿ ಜಗಳವಾಡುವುದಿಲ್ಲ. ಒಗೆಯುವ ಕೋಣೆಯ ಗೋಡೆಗೆ ಚೀಟಿ ಅಂಟಿಸುತ್ತೇವೆ. 'ಡ್ರೈಯರಿನ ಜಾಲರಿಯ ಧೂಳು ತೆಗೆಯಲು ಕೈಗೆ ನೋವೇ? ಪ್ರೀತಿಯಿಂದ, ನಿಮ್ಮ ನೆರೆಯವರೊಬ್ಬರು.' ಹೆಸರು ಬರೆಯುವ ಪದ್ಧತಿ ಇಲ್ಲ. ಆದರೆ ಚೀಟಿಗೆ ಸಾಕ್ಷಿ ಬೇಡವೇ? ನಾನು ಟ್ರಾಮಿನಲ್ಲಿ ಮೂವತ್ತೆರಡು ವರ್ಷ ಟಿಕೆಟ್ ತಪಾಸಣೆ ಮಾಡಿದವಳು, ಸಾಕ್ಷಿ ಇಲ್ಲದೆ ಮಾತೇ ಆಡುವುದಿಲ್ಲ. ಹಾಗಾಗಿ ಹಿಲ್ಡಿಂಗ್ ಬಿಟ್ಟುಹೋದ ಧೂಳು, ಹೊತ್ತು ಮೀರಿದರೂ ಮೆಷಿನ್ನಿನಲ್ಲೇ ಕೂತ ಅವನ ಬಟ್ಟೆ, ಪಕ್ಕದಲ್ಲಿ ಗಡಿಯಾರ ಕಾಣುವ ಹಾಗೆ ಅವನ ನೀಲಿ ಬುಟ್ಟಿ, ಎಲ್ಲದರ ಫೋಟೋ ಹಿಡಿದಿಟ್ಟಿದ್ದೆ. ಎರಡು ವರ್ಷದ ಹಿಂದೆ ಒಂದು ಖಡಕ್ ಚೀಟಿ ಅಂಟಿಸಿದೆ ನೋಡಿ, ಆಮೇಲೆ ಸ್ವಲ್ಪ ದಿನಕ್ಕೇ ಅವನು ಕೆಳಗೆ ಬರುವುದನ್ನೇ ಬಿಟ್ಟ. ಹೆದರಿದ, ಗೆದ್ದೆ ಅಂದುಕೊಂಡೆ. ಆದರೂ ಮುಂದೆ ಬಾಲ ಬಿಚ್ಚಿದರೆ ಸಂಘದ ಸಭೆಯಲ್ಲಿ ತೋರಿಸೋಣ ಅಂತ ಒಂದನ್ನೂ ಅಳಿಸಿರಲಿಲ್ಲ. ಈಗ ಬೋರ್ಡು ಹೋಗಿ ಆ್ಯಪ್ ಬಂದಿದೆ, ಈ ಮನುಷ್ಯನ ಕಣ್ಣು ನನ್ನ ಗುರುವಾರದ ಮೇಲೇ ಇದೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

"ಫೋನು ನನ್ನ ಕೈಯಲ್ಲೇ ಇರಲಿ," ಅಂದೆ. "ನೀವು ಬಾಯಲ್ಲಿ ಹೇಳಿ."

"ಸರಿ. ಫೋಟೋಗಳು ಇರೋ ಕಡೆ ಹೋಗಿ. ಇದೇನು, ಬರೀ ಥರ್ಮಾಮೀಟರ್?"

ಅದು ನನ್ನ ತಂಗಿ ಆಸ್ತಾಳಿಗಾಗಿ. ಅವಳು ದೂರ ಉತ್ತರದ ಉಮಿಯೋದಲ್ಲಿದ್ದಾಳೆ. ದಿನಾ ಬೆಳಿಗ್ಗೆ ಕಿಟಕಿಯ ಥರ್ಮಾಮೀಟರಿನ ಫೋಟೋ ಅವಳೂ ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಚಳಿಗಾಲದಲ್ಲಿ ಅವಳು ಗೆಲ್ಲುತ್ತಾಳೆ, ಬೇಸಿಗೆಯಲ್ಲಿ ನಾನು.

"ಏಳುನೂರ ಹನ್ನೆರಡು ಥರ್ಮಾಮೀಟರ್ ಯಾಕೆ ಬೇಕ್ರೀ?"

"ಅವಳು ಸುಳ್ಳು ಹೇಳ್ತಾಳೆ, ಅದಕ್ಕೆ."

ಅಳಿಸಿದೆವು. ಆ್ಯಪ್ ಒತ್ತಿದರೆ ಜಾಗ ಸಾಲದು. ಮುಂದಕ್ಕೆ ಸರಿಸಿದರೆ ಅಣಬೆ. ಹಳದಿ ಅಣಬೆ, ಬುಟ್ಟಿಗಟ್ಟಲೆ, ಪಾಚಿಯ ಬಂಡೆ ಪಕ್ಕ. ಹಿಲ್ಡಿಂಗ್ ಕನ್ನಡಕ ಏರಿಸಿ ಬಗ್ಗಿದ.

"ಅರೆ, ಈ ಬಂಡೆ ಎಲ್ಲೋ ನೋಡಿದ ಹಾಗಿದೆಯಲ್ಲ..."

ಅಂಗೈ ಅಡ್ಡ ಇಟ್ಟೆ. "ಎಲ್ಲೂ ನೋಡಿಲ್ಲ ನೀವು."

"ಆ ಕೆರೆ ಹಿಂದಿನ ಏರು ಅಲ್ವಾ?"

ಅಣಬೆ ಜಾಗವನ್ನು ನಾನು ಹೆತ್ತ ತಾಯಿಗೂ ಹೇಳಿದವಳಲ್ಲ. ಮುನ್ನೂರು ಫೋಟೋ ಕಣ್ಣುಮುಚ್ಚಿ ತೆರೆಯುವುದರಲ್ಲಿ ಅಳಿಸಿದೆ. ಆಗಲೂ ಜಾಗ ಸಾಲದು. ಗಂಟೆ ಐದು ದಾಟಿತ್ತು. ನನಗೆ ಬೆವರು ಕಿತ್ತುಬರುತ್ತಿತ್ತು. ಇವನು ಬೇಕಂತಲೇ ಹೊತ್ತು ಕಳೆಯುತ್ತಿದ್ದಾನೆ, ಆರು ಹೊಡೆದ ಕೂಡಲೇ ಜೇಬಿನಿಂದ ತನ್ನ ಫೋನು ತೆಗೆದು ಗುರುವಾರ ಗುಳುಂ ಮಾಡುತ್ತಾನೆ ಅಂತ ಒಳಗೊಳಗೇ ಕುದಿಯುತ್ತಿದ್ದೆ.

"ಜಾಗ ಯಾವುದು ತಿಂತಿದೆ ಅಂತ ಫೋನೇ ಹೇಳತ್ತೆ," ಅಂದ ಹಿಲ್ಡಿಂಗ್. ಉದ್ದನೆಯ ಬೆರಳು ಚಾಚಿ ಅದೇನೋ ಒತ್ತಿಯೇಬಿಟ್ಟ. "ನೋಡಿ, ಇದೇ ಕಳ್ಳ. ಹೆಸರು 'ಸಾಕ್ಷಿ'. ಎರಡು ಸಾವಿರದ ಎಂಟುನೂರು ಫೋಟೋ! ಏನ್ರೀ ಇದು?"

"ತೆರೀಬೇಡಿ!"

ತೆರೆದಾಗಿತ್ತು.

ಇಬ್ಬರೂ ನೋಡಿದೆವು. ಧೂಳು, ಮತ್ತೆ ಧೂಳು, ಗಡಿಯಾರ, ನೀಲಿ ಬುಟ್ಟಿ, ಒಂಟಿ ಕಾಲುಚೀಲ. ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಇದು ನನ್ನ ಬುಟ್ಟಿ," ಅಂದ ನಿಧಾನವಾಗಿ.

"ಬುಟ್ಟಿಗಳೆಲ್ಲಾ ಒಂದೇ ಥರ ಇರ್ತವೆ."

"ಇದು ನನ್ನ ಕಾಲುಚೀಲ. ಇದು... ಇದು ನನ್ನ ಬೆನ್ನು, ಗುನ್ವೋರ್ ಅವರೇ."

ಅವನು ಕೂಗಾಡುತ್ತಾನೆ ಅಂತ ಹಲ್ಲು ಕಚ್ಚಿ ಕಾದೆ. ಅವನ ಭುಜ ಅಲುಗತೊಡಗಿತು. ನಗುತ್ತಿದ್ದ! "ಈ ವಿಡಿಯೋ ಹನ್ನೊಂದು ನಿಮಿಷ ಇದೆಯಲ್ಲ. ಏನಾಗತ್ತೆ ಇದ್ರಲ್ಲಿ?"

"ಡ್ರೈಯರ್ ತಿರುಗತ್ತೆ."

"ಕೊನೇಲಿ?"

"ಕೊನೇಲೂ ತಿರುಗತ್ತೆ. ಅದೇ ತಪ್ಪು! ಅದು ನನ್ನ ಹೊತ್ತು, ತಿರುಗ್ತಿರೋದು ನಿಮ್ಮ ಟವೆಲ್ಲು!"

ಅಳಿಸುವ ಮೊದಲು ಒಮ್ಮೆ ನೋಡಲೇಬೇಕು ಅಂತ ಹಟ ಹಿಡಿದ. ಇಬ್ಬರು ಮುದುಕರು ಬೆಂಚಿನ ಮೇಲೆ ತಲೆಗೆ ತಲೆ ತಾಗಿಸಿ ಡ್ರೈಯರ್ ತಿರುಗುವುದನ್ನು ಮೂರು ನಿಮಿಷ ನೋಡಿದೆವು. ಹಿನ್ನೆಲೆಯಲ್ಲಿ ನನ್ನ ಗೊಣಗಾಟವೂ ಚೆನ್ನಾಗಿ ದಾಖಲಾಗಿತ್ತು. "ಈ ಪದ ನನಗೆ ಗೊತ್ತೇ ಇರಲಿಲ್ಲ," ಅಂದ ಹಿಲ್ಡಿಂಗ್. ನನಗೂ ನಗು ತಡೆಯಲಾಗಲಿಲ್ಲ, ಹಾಳಾದ್ದು.

ಆಮೇಲೆ ಅವನು ಫೋಟೋಗಳನ್ನು ಸರಿಸುತ್ತಾ ಹೋದ. ಎರಡು ವರ್ಷದ ಹಿಂದಿನ ಮಾರ್ಚ್ ಬಂತು. ಅವನ ಬೆರಳು ನಿಂತಿತು.

ಚಾದರ. ಮಾರ್ಚ್ ಎರಡು, ಚಾದರ. ಮೂರು, ಚಾದರ, ದಿಂಬಿನ ಚೀಲ. ಐದು, ಆರು, ಎಂಟು. ಒಂದೇ ದಿನ ಎರಡು ಸಲ. ಯಾರದೋ ಹೊತ್ತಿನ ಕೊನೆಗೆ ನುಸುಳಿ ಹಾಕಿದ್ದು, ಬೆಳಗಿನ ಆರಕ್ಕೇ ಹಾಕಿದ್ದು. ಏಪ್ರಿಲ್ ತುಂಬಾ ಹೀಗೇ. ಆ ತಿಂಗಳಿನಲ್ಲೇ ನಾನು ಆ ಖಡಕ್ ಚೀಟಿ ಅಂಟಿಸಿದ್ದು. ಅದರ ಫೋಟೋವೂ ಅಲ್ಲೇ ಇತ್ತು: 'ನಮ್ಮ ಕಟ್ಟಡದಲ್ಲಿ ಯಾರೋ ಹೋಟೆಲ್ ನಡೆಸುತ್ತಿರುವಂತಿದೆ. ದಿನಕ್ಕೆ ಇಷ್ಟು ಚಾದರ ಯಾವ ಅತಿಥಿಗಳಿಗೆ? ಪ್ರೀತಿಯಿಂದ, ನಿಮ್ಮ ನೆರೆಯವರೊಬ್ಬರು.'

"ಓ," ಅಂದ ಹಿಲ್ಡಿಂಗ್. "ಇದು ನೀವಾ?"

"ಹೂಂ."

"ನನ್ನ ಹೆಂಡ್ತಿ ಮಾಯ್ಕೆನ್‌ಳದು ಈ ಚಾದರ. ಆಸ್ಪತ್ರೇಲಿ ಇರಲ್ಲ, ಮನೇಲೇ ಸಾಯ್ತೀನಿ ಅಂದ್ಳು. ಎರಡು ತಿಂಗಳು. ಕೆಲವು ದಿನ ನಾಕು ನಾಕು ಸಲ ಬದಲಾಯಿಸಬೇಕಾಗ್ತಿತ್ತು, ಆಮೇಲೆ ಚಾದರಾನೇ ಸಾಲ್ತಿರಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹವಾಮಾನ ಹೇಳುವ ಹಾಗೆ ಹೇಳಿದ. "ಈ ಚೀಟಿ ಕಿತ್ಕೊಂಡು ಹೋಗಿ ಅವಳಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಳು. ಹೋಟೆಲ್‌ಗೆ ಎಷ್ಟು ಸ್ಟಾರು ಕೊಟ್ಟಿದಾರೆ ಕೇಳ್ಕೊಂಡು ಬನ್ನಿ ಅಂದ್ಳು. ಅವಳು ಜೋರಾಗಿ ನಕ್ಕಿದ್ದು ಅದೇ ಕೊನೆ."

ಮಾಯ್ಕೆನ್ ಹೋದದ್ದು ನನಗೆ ಗೊತ್ತಿತ್ತು. ಕಟ್ಟಡದವರೆಲ್ಲ ಸೇರಿ ಕಳಿಸಿದ ಹೂವಿನ ಕಾರ್ಡಿಗೆ ನಾನೂ ಸಹಿ ಹಾಕಿದ್ದೆ. ಎಷ್ಟು ದಿನ ಮಲಗಿದ್ದಳು, ಯಾರು ನೋಡಿಕೊಂಡರು, ಅದನ್ನೆಲ್ಲಾ ನಾವು ಕೇಳುವುದಿಲ್ಲ. ಕೇಳಿದರೆ ಮೂಗು ತೂರಿಸಿದ ಹಾಗೆ ಅಂದುಕೊಳ್ಳುತ್ತೇವೆ. ಅವನ ಬೆನ್ನಿನ ಫೋಟೋ ಹಿಡಿಯುವುದು ಮಾತ್ರ ಮೂಗು ತೂರಿಸಿದ ಹಾಗಲ್ಲ! ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಮುಖವನ್ನು ಮೂವತ್ತೆರಡು ವರ್ಷ ನೋಡಿದ್ದೇನೆ. ಆ ಬೆಂಚಿನ ಮೇಲೆ ನನ್ನ ಮುಖ ಹಾಗೇ ಆಗಿತ್ತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ಒಂದು ಮಾತು ಹೇಳ್ಬಾರದಿತ್ತಾ ನೀವು?" ಅಂದೆ. ತಪ್ಪು ನನ್ನದಾದಾಗಲೂ ನನ್ನ ಬಾಯಿ ಜೋರೇ.

"ಯಾರಿಗೆ ಹೇಳ್ಲಿ? ಚೀಟೀಲಿ ಹೆಸರಿರಲಿಲ್ಲವಲ್ಲ."

ಎಲ್ಲವನ್ನೂ ಆರಿಸಿ ನಾನೇ ಅಳಿಸುವ ಗುಂಡಿ ಒತ್ತಿದೆ. ಗಂಟೆ ಆರಕ್ಕೆ ಎಂಟು ನಿಮಿಷ. ಆ್ಯಪ್ ಒತ್ತಿದರೆ, ಏನು ಹೇಳಲಿ, ಜಾಗ ಸಾಲದು!

"ಅಳಿಸಿದ್ದೆಲ್ಲಾ ಕಸದ ಬುಟ್ಟೀಲಿ ಒಂದು ತಿಂಗಳು ಕೂತಿರತ್ತೆ," ಅಂದ ಹಿಲ್ಡಿಂಗ್. "ಅದನ್ನೂ ಖಾಲಿ ಮಾಡ್ಬೇಕು. ಮನಸ್ಸು ಬದಲಾದ್ರೆ ಈಗಲೂ ವಾಪಸ್ ತರಬಹುದು."

'ಶಾಶ್ವತವಾಗಿ ಅಳಿಸಬೇಕೆ? ಮತ್ತೆ ಸಿಗುವುದಿಲ್ಲ' ಅಂತ ಫೋನು ಕೇಳಿತು.

"ನಿಮಗೇನಾದ್ರೂ ಬೇಕಾ ಇದ್ರಲ್ಲಿ?" ಅಂತ ಕೇಳಿದೆ.

"ಕೊಳೆ ಚಾದರದ ಫೋಟೋ ತಗೊಂಡು ಏನ್ ಮಾಡ್ಲಿ? ಒತ್ತಿ, ಒತ್ತಿ. ಹೊತ್ತಾಯ್ತು."

ಒತ್ತಿದೆ. ಆ್ಯಪ್ ಇಳಿಯತೊಡಗಿತು. ಆರು ಗಂಟೆಗೆ ತೆರೆಯಿತು. ಗುರುವಾರ ಎಂಟರ ಮೇಲೆ ಬೆರಳಿಟ್ಟೆ. ನನ್ನ ಹೆಸರು ಬಂತು. ಹಿಲ್ಡಿಂಗ್ ತನ್ನ ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ನೀವು ಯಾವ ಹೊತ್ತು ಹಿಡೀತೀರಿ? ಬೇಗ ಒತ್ತಿ, ಖಾಲಿ ಆಗ್ತಿದೆ."

"ನನಗೆ ಯಾಕೆ? ಒಬ್ಬನ ಬಟ್ಟೆ. ಎರಡು ವರ್ಷದಿಂದ ಸಿಂಕಲ್ಲೇ ಒಗ್ಕೋತೀನಿ. ಅರ್ಧ ಮೆಷಿನ್ನೂ ತುಂಬಲ್ಲ ನೋಡಿ, ಅಷ್ಟಕ್ಕೆ ಕೆಳಗೆ ಹೋಗೋಕೆ ಮನಸ್ಸಾಗಲ್ಲ."

ಚೀಟಿಗೆ ಹೆದರಿ ಬಿಟ್ಟ ಅಂತ ಎರಡು ವರ್ಷ ಬೀಗಿದ್ದೆನಲ್ಲ! ಮೂವತ್ತಮೂರು ವರ್ಷ ಯಾರಿಗೂ ಹೇಳದ ಮಾತು ನನ್ನ ಬಾಯಿಂದ ಬಂತು.

"ಗುರುವಾರ ಎಂಟಕ್ಕೆ ತಗೊಂಡು ಬನ್ನಿ. ನನ್ನದರ ಜೊತೆ ಹಾಕೋಣ."

ನಾನು ಮದುವೆ ಮಾಡಿಕೊಳ್ಳಿ ಅಂದೆನೇನೋ ಅನ್ನುವ ಹಾಗೆ ಅವನು ನನ್ನನ್ನು ನೋಡಿದ. ಒಂದೇ ಮೆಷಿನ್ನಿನಲ್ಲಿ ಬಟ್ಟೆ ಬೆರೆಸುವುದು ಅಂದರೆ ನಮ್ಮಲ್ಲಿ ಚಿಕ್ಕ ಮಾತಲ್ಲ.

"ನಿಮ್ಮದರ ಜೊತೆಗಾ?"

"ಹೂಂ. ಎಂಟಕ್ಕೆ ಅಂದ್ರೆ ಎಂಟಕ್ಕೆ. ಹನ್ನೆರಡಕ್ಕೆ ಸೂಪು ಇರತ್ತೆ. ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಬಿಡಿ."

ಗುರುವಾರ ಎಂಟಕ್ಕೆ ಐದು ನಿಮಿಷ ಇರುವಾಗಲೇ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ. ತಲೆ ಬಾಚಿ, ಶರ್ಟಿನ ಮೇಲಿನ ಗುಂಡಿ ತನಕ ಹಾಕಿಕೊಂಡಿದ್ದ. ಕೈಯಲ್ಲಿದ್ದ ಚೀಲವನ್ನು ಕೊಡಲೋ ಬೇಡವೋ ಅಂತ ಅನುಮಾನಿಸಿ ಕೊಟ್ಟ. ಬಿಚ್ಚಿ ನೋಡಿದೆ. ನಾಲ್ಕು ಶರ್ಟು, ಎರಡು ಟವೆಲ್ಲು, ಒಂಟಿ ಮಂಚದ ಚಾದರ. ಎಲ್ಲಾ ಕೊಳೆ ಬಟ್ಟೆಯೇ, ಆದರೆ ಒಂದರ ಮೇಲೊಂದು ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದ. ನಾನು ನೋಡುತ್ತೇನೆ ಅಂತ ಪುಣ್ಯಾತ್ಮ ಒಗೆಯುವುದಕ್ಕೆ ಮುಂಚೆಯೇ ಅಷ್ಟಕ್ಕೂ ಇಸ್ತ್ರಿ ಹಾಕಿಕೊಂಡು ಬಂದಿದ್ದ.