ಮಣ್ಣಿನ ಮೇಲೆ ಕೂರುವ ಕೆಲಸ

ಸೊಸೆ ಮಾವನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಕೈ ಕೊಡವುತ್ತಿದ್ದಳು. ಪಕ್ಕದ ಹೊಲದವನು ಹತ್ತಿರ ಸರಿದು ಮೆಲ್ಲಗೆ ಕೇಳಿದ:

"ಹೋಗೋ ಮುಂಚೆ ಏನಾದ್ರೂ ಹೇಳಿದ್ರಾ?"

"ನೀರು ಕೇಳಿದ್ರು."

"ಅದಲ್ಲ. ಬಿತ್ತನೆ ಯಾವಾಗ ಅಂತ?"

ಅಳು ಬರುವ ಜಾಗದಲ್ಲಿ ಅವಳಿಗೆ ನಗು ಬಂತು. ಮಣ್ಣು ಮಾಡಲು ಬಂದ ಇಡೀ ಊರಿಗೆ ಇದ್ದದ್ದು ಅದೊಂದೇ ಚಿಂತೆ. ನಲವತ್ತು ವರ್ಷ, ಚಳಿಗಾಲ ಮುಗಿದ ಕೂಡಲೇ ಮಾವ ಹೊಲದ ನಡುವೆ ಹೋಗಿ, ಬಟ್ಟೆ ಎತ್ತಿ, ಬರೀ ಕುಂಡೆ ಊರಿ ಮಣ್ಣಿನ ಮೇಲೆ ಕೂರುತ್ತಿದ್ದರು. ನೂರು ಎಣಿಸುವವರೆಗೆ ಕೂರಲು ಆದರೆ ಜೋಳ ಬಿತ್ತಬಹುದು. ಅಷ್ಟರೊಳಗೆ ಚಳಿ ಕೊರೆದರೆ ಬೀಜ ಕೊಳೆಯುತ್ತದೆ. ಮದುವೆಯಾಗಿ ಬಂದ ವರ್ಷ ಅದನ್ನು ಕಿಟಕಿಯಿಂದ ಕಂಡು, ಎಂಥ ಮನೆ ಸೇರಿದೆನಪ್ಪಾ ಎಂದು ಅವಳು ಹಣೆ ಚಚ್ಚಿಕೊಂಡಿದ್ದಳು.

"ಬಿಸಿಲು ಚೆನ್ನಾಗಿದೆ. ನಾಳೆನೇ ಬಿತ್ತಿಬಿಡಿ," ಎಂದ ಬೀಜದಂಗಡಿಯವನು.

"ಹಿಂದೊಂದ್ಸಲ ನಿನ್ನ ಮಾತು ಕೇಳಿ ಬಿತ್ತಿದ್ವಿ. ಹಕ್ಕಿಗೂ ಒಂದು ಕಾಳು ಸಿಗಲಿಲ್ಲ," ಎಂದಳು ಸೂಲಗಿತ್ತಿ ಮುದುಕಿ. "ಕೂರೋರು ಹೋದ್ರು. ಇನ್ನು ಹೇಳೋರು ಯಾರು?"

ಯಾರೆಂದು ಸೊಸೆಗೆ ಗೊತ್ತಿತ್ತು. ಹೇಳಿದರೆ ಮಾವನ ಮರ್ಯಾದೆ ಮಣ್ಣುಪಾಲು, ಸುಮ್ಮನಿದ್ದರೆ ಊರಿನ ಬೀಜವೆಲ್ಲ ಮಣ್ಣುಪಾಲು.

*

ಐದು ವರ್ಷದ ಹಿಂದೆ, ಕೂತ ಮಾವ ಏಳಲೇ ಇಲ್ಲ. ಅವಳು ಗಾಬರಿಯಿಂದ ಓಡಿದಳು.

"ಏನೂ ಗೊತ್ತಾಗ್ತಿಲ್ಲ ಕಣಮ್ಮಾ," ಎಂದರು ಮಾವ ಪಿಸುದನಿಯಲ್ಲಿ. "ಸೊಂಟದ ಕೆಳಗೆ ಮರಗಟ್ಟಿಹೋಗಿದೆ. ಈಗ ನನ್ನನ್ನ ಒಲೆ ಮೇಲೆ ಕೂರಿಸಿದ್ರೂ ಅಷ್ಟೇ."

ಬೇಲಿಯಾಚೆ ಊರವರು ಕಾಯುತ್ತಿದ್ದರು. ಅವಳು ಮಾವನನ್ನು ಎಬ್ಬಿಸುವ ನೆಪದಲ್ಲಿ ಪಕ್ಕದಲ್ಲೇ ಕೂತಳು. ಚಳಿ ಎಷ್ಟು ಬೇಗ ಎಲ್ಲಿಯವರೆಗೆ ಹತ್ತಿದರೆ ಎಷ್ಟು ದಿನ ಕಾಯಬೇಕೆಂದು ಮಾವ ಪ್ರತಿ ವರ್ಷ ಊಟದ ಹೊತ್ತಿಗೆ ಕೊರೆದದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

"ಆರು ದಿನ ಮಾವ."

ಮಾವ ಗಂಟಲು ಸರಿಮಾಡಿಕೊಂಡು ಬೇಲಿಯ ಕಡೆ ಕೂಗಿದರು: "ಆರು ದಿನ."

ಆ ವರ್ಷ ಒಂದು ಕಾಳೂ ಕೊಳೆಯಲಿಲ್ಲ. ಅಲ್ಲಿಂದ ಮುಂದೆ ಬೆಳಗ್ಗೆ ಕದ್ದು ಕೂರುವುದು ಸೊಸೆಯ ಕೆಲಸ, ಮಧ್ಯಾಹ್ನ ಎಲ್ಲರೆದುರು ಕೂರುವುದು ಮಾವನ ಗತ್ತು.

*

"ಹಾಗಾದ್ರೆ ನಾಳೆ," ಎಂದು ಬೀಜದಂಗಡಿಯವನು ತೀರ್ಮಾನ ಮಾಡಿಯೇಬಿಟ್ಟ.

ಸೊಸೆ ಬೇಲಿ ದಾಟಿ ಪಕ್ಕದ ಉತ್ತ ಹೊಲಕ್ಕಿಳಿದು, ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆಯಲ್ಲೇ ಕೂತುಬಿಟ್ಟಳು. ಮಾವ ಇನ್ನಿಲ್ಲ ಎನ್ನುವುದು ಅವಳಿಗೆ ನಿಜವಾಗಿ ತಟ್ಟಿದ್ದು ಆಗ. ಕಣ್ಣು ತುಂಬಿತು, ಎಣಿಕೆ ಮಾತ್ರ ತಪ್ಪಲಿಲ್ಲ. ಅರವತ್ತಕ್ಕೆ ಚಳಿ ಬೆನ್ನಿಗೆ ಹತ್ತಿತು.

"ಇನ್ನೂ ನಾಲ್ಕು ದಿನ ಬೇಕು."

"ನಿನಗೆ ಹೇಗಮ್ಮ ಗೊತ್ತು?" ಎಂದ ಬೀಜದಂಗಡಿಯವನು.

"ಮಾವ ಕಲಿಸಿದ್ದು." ಅದರಲ್ಲಿ ಸುಳ್ಳೇನೂ ಇರಲಿಲ್ಲ. "ನಂಬಿಕೆ ಇಲ್ದಿದ್ರೆ ನೀವೇ ಕೂತು ನೋಡಿ. ನೂರು ಎಣಿಸೋಕೆ ಆದ್ರೆ ನಾಳೆನೇ ಬಿತ್ತಿ."

"ಆಮೇಲೆ ಎಬ್ಬಿಸ್ತೀರಾ ಅಂದ್ರೆ ನಾನು ಕೂರ್ತೀನಿ," ಎನ್ನುತ್ತ ಸೂಲಗಿತ್ತಿ ಕೂತಳು. ಪಕ್ಕದ ಹೊಲದವನೂ ಕೂತ. ಒಬ್ಬರನ್ನು ನೋಡಿ ಇನ್ನೊಬ್ಬರು. ಬೀಜದಂಗಡಿಯವನು ಮೂವತ್ತಕ್ಕೇ ಎದ್ದು, ಯಾರ ಮುಖವನ್ನೂ ನೋಡದೆ ಟೋಪಿ ಸರಿಮಾಡಿಕೊಂಡ.

ಸಂಜೆ ಊರಿನ ದಾರಿಯಲ್ಲಿ ಎಲ್ಲರೂ ತಲೆ ತಗ್ಗಿಸಿ, ಗಂಭೀರವಾಗಿ ಮನೆಗೆ ಮರಳುತ್ತಿದ್ದರು. ಒಬ್ಬೊಬ್ಬರ ಹಿಂಬದಿಯಲ್ಲೂ ಒಂದೊಂದು ದುಂಡನೆಯ ಒದ್ದೆ ಮಣ್ಣಿನ ಗುರುತು. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದದ್ದು ಸೊಸೆಯದು.