ರೇಷ್ಮೆ ಎಳೆಯ ಗುರುತು

ಲಕ್ವ ಹೊಡೆದ ಚೆಲುವಯ್ಯ ಮೂಗಿಗೆ ಪೈಪು ಹಾಕಿಸಿಕೊಂಡು ಬೈರಾಪಟ್ಟಣದ ಮನೆಗೆ ಬಂದು ನಲವತ್ತು ದಿನವಾಗಿತ್ತು. ಎರಡೆರಡು ಗಂಟೆಗೊಮ್ಮೆ ಪೈಪಿನಲ್ಲಿ ಗಂಜಿ, ಗಂಜಿಗೆ ಮುಂಚೆ ಪೈಪಿನ ತುದಿ ಹೊಟ್ಟೆಯಲ್ಲೇ ಇದೆಯೇ ಎಂಬ ಪರೀಕ್ಷೆ. ಮಗಳು ಸುಮನಾಳ ನಿದ್ದೆಯೆಲ್ಲ ಎರಡು ಗಂಜಿಗಳ ನಡುವೆ ಹರಿದು ಹಂಚಿಹೋಗಿತ್ತು.

ಅವತ್ತು ಬೆಳಿಗ್ಗೆ ಅಪ್ಪನಿಗೆ ವಿಪರೀತ ಕೆಮ್ಮು ಬಂದಿತ್ತು. ಅವ್ವ ಕಾವೇರಮ್ಮ ಸೋಸಿದ ರಾಗಿಗಂಜಿ ತಂದಿಟ್ಟು ಮೂಗಿನ ಹತ್ತಿರ ಬಗ್ಗಿ ನೋಡಿದಳು. ಪೈಪು ಜಾರಿದರೆ ತಿಳಿಯಲೆಂದು ಆಸ್ಪತ್ರೆಯವರು ಮೂಗಿನ ಅಂಚಿಗೆ ಸರಿಯಾಗಿ ಎಳೆದಿದ್ದ ಪೆನ್ನಿನ ಗೆರೆ ಅಳಿಸಿಹೋದಾಗ ಆಕೆಯೇ ಅಲ್ಲಿಗೆ ರೇಷ್ಮೆ ಎಳೆ ಸುತ್ತಿ ಗಂಟು ಹಾಕಿದ್ದಳು. ಇಪ್ಪತ್ತು ವರ್ಷ ಗೂಡಿನಿಂದ ನೂಲು ತೆಗೆದ ಕೈ. ಎಳೆ ಮೂಗಿನ ಅಂಚಿಗೇ ಇತ್ತು. ಸಿರಿಂಜಿನಲ್ಲಿ ಪೈಪಿಗೆ ಗಾಳಿ ಹೊಡೆದು ಹೊಟ್ಟೆಗೆ ಕಿವಿಯಿಟ್ಟಳು. ಗುಳುಗುಳು ಕೇಳಿಸಿತು.

ನರ್ಸ್ ರಾಧಾಮಣಿ ಬೇರೆಯೇ ಹೇಳಿದ್ದಳು: ಸದ್ದು ನಂಬಬೇಡಿ, ಪೈಪು ತಪ್ಪಿ ಶ್ವಾಸಕೋಶದ ಕಡೆ ಹೋಗಿದ್ದರೂ ಹಾಗೇ ಕೇಳಿಸುತ್ತದೆ, ಗಂಜಿ ಅಲ್ಲಿಗಿಳಿದರೆ ಜೀವಕ್ಕೇ ಅಪಾಯ. ಹೊಟ್ಟೆಯೊಳಗಿನ ರಸ ಎಳೆದು ಪರೀಕ್ಷೆ ಕಾಗದಕ್ಕೆ ಮುಟ್ಟಿಸಿ, ಕಿತ್ತಳೆ ಬಣ್ಣ ಬಂದರೆ ಸರಿ. ಅನುಮಾನವಿದ್ದರೆ ಎಕ್ಸ್‌ರೇ.

ಸುಮನಾ ಎಳೆದಳು. ಏನೂ ಬರಲಿಲ್ಲ. ಅಪ್ಪನನ್ನು ಎಡಮಗ್ಗುಲಿಗೆ ಹೊರಳಿಸಿ ಮತ್ತೆ ಎಳೆದಳು. ಕಾಗದ ಒಣಗಿದಂತೆಯೇ ಉಳಿಯಿತು.

"ಎಳೆ ಜಾಗದಲ್ಲೇ ಐತೆ, ಸದ್ದೂ ಬಂತು," ಎಂದಳು ಅವ್ವ. "ಡಿಗ್ರಿ ಓದಿದ್ದು ಅಪ್ಪನ್ನ ಉಪಾಸ ಕೆಡವಕ್ಕಾ?"

ಅಪ್ಪನ ಕಣ್ಣು ಗಂಜಿಯ ಮೇಲಿತ್ತು. ಅವ್ವನಿಗೆ ಎದುರಾಡಿ ಗೊತ್ತಿಲ್ಲದ ಸುಮನಾ ಬಟ್ಟಲನ್ನು ಎತ್ತಿ ದೂರವಿಟ್ಟಳು. "ರಸ ಬರ್ನಿಲ್ಲ ಕಣವ್ವ. ನಾನು ಹೊಯ್ಯಲ್ಲ."

ಮೂಗಿನ ಪ್ಲಾಸ್ಟರ್ ಬಿಡಿಸಿ ಪೈಪಿನ ಮೇಲಿನ ಅಂಕಿ ಓದಿದಳು. ಮೂಗಿನ ಅಂಚಿನಲ್ಲಿ ಐವತ್ತೈದು ಸೆಂಟಿಮೀಟರ್ ಇರಬೇಕಾದ ಕಡೆ ಮೂವತ್ತೆಂಟು. ಗಂಟನ್ನು ಬೆರಳಲ್ಲಿ ಮುಟ್ಟಿದರೆ ಸಾಕು, ನುಣುಪಾದ ಪೈಪಿನ ಮೇಲೆ ಜಾರುತ್ತಿತ್ತು. ಪೈಪು ಹೊರಗೆ ಬಂದಂತೆಲ್ಲ ಎಳೆ ಮಾತ್ರ ಮೂಗಿನ ಅಂಚಿಗೇ ತಡೆದು ನಿಂತಿತ್ತು.

ಅವ್ವ ಶಾಲು ತಂದು ಗಂಡನಿಗೆ ಹೊದಿಸಿದಳು.

ರಾಮನಗರಕ್ಕೆ ಆಟೋ, ಆಸ್ಪತ್ರೆಯ ಬೆಂಚಿನ ಮೇಲೆ ಮೂರು ಗಂಟೆ, ಹೊಸ ಪೈಪು, ಎಕ್ಸ್‌ರೇಗೆ ಮತ್ತೊಂದು ಸಾಲು. ಗೋಡೆಗೆ ತಲೆಯಾನಿಸಿದ ಸುಮನಾಳಿಗೆ ಗೆದ್ದೆನೆಂದೇನೂ ಅನಿಸಲಿಲ್ಲ. ಬೆಳಿಗ್ಗೆ ಸುಮ್ಮನೆ ಹೊಯ್ದುಬಿಟ್ಟಿದ್ದರೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆ ಮನೆಯಲ್ಲಿ ಅವ್ವ ಹೊಸದಾಗಿ ಗಂಜಿ ಕಾಯಿಸಿ ತಂದಳು. ಬಟ್ಟಲು ಕೆಳಗಿಟ್ಟು ಪರೀಕ್ಷೆ ಕಾಗದದ ಚೂರು ಚಾಚಿದಳು.

"ಮೊದ್ಲು ಇದು. ಆಮೇಲೆ ಒಸಿ ಅಂಕಿ ಓದು, ನಂಗೆ ಕಾಣಕಿಲ್ಲ."

ಐವತ್ತೈದು. ಕಾಗದ ಕಿತ್ತಳೆ ಬಣ್ಣಕ್ಕೆ ತಿರುಗಿತು. ಸುಮನಾ ನಿಧಾನವಾಗಿ ಗಂಜಿ ಹೊಯ್ದಳು. ಮುಂದಿನದು ಎಂಟಕ್ಕೆ.