ಟೇಬಲ್ ಮಾಡಿದ ಮಾತು

ಗುರುದೇವಿ ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷವಾಗಿದ್ದರೂ ಅಮೆರಿಕದ ಆಫೀಸಿನ ಮೀಟಿಂಗಿನಲ್ಲಿ ಕೂತದ್ದು ಹೋದ ಮಾರ್ಚಿನಲ್ಲೇ ಮೊದಲು. ಮದುವೆಗೆ ಮುಂಚೆ ಅವಳು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನಾಲ್ಕು ವರ್ಷ ಕ್ವಾಲಿಟಿ ಇಂಜಿನಿಯರ್ ಆಗಿದ್ದವಳು. ಮಿಶಿಗನ್ ರಾಜ್ಯದ ನೋವೈ ಊರಿಗೆ ಬಂದ ಮೇಲೆ ಮೊದಲು ವೀಸಾ, ಆಮೇಲೆ ಮಗಳು, ಆಮೇಲೆ ಮಗಳ ಪಿಯಾನೋ ಕ್ಲಾಸು ಎಂದು ಒಂದಲ್ಲ ಒಂದು ಅಡ್ಡ ಬಂದು, ನಲವತ್ತೊಂದು ತುಂಬಿದ ಮೇಲೆ ಪ್ಲಿಮತ್‌ನಲ್ಲಿ ಕಾರಿನ ಸೀಟು ತಯಾರಿಸುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು.

"ಹದಿನಾಲ್ಕು ವರ್ಷ ನನ್ನ ಕ್ವಾಲಿಟಿ ಚೆಕ್ ಮಾಡಿದ್ದಾಯ್ತು. ಇನ್ಮೇಲೆ ಆ ಸೀಟುಗಳು ಅನುಭವಿಸ್ಲಿ," ಎಂದ ಗಂಡ ರವಿಶಂಕರ. ಮೈಸೂರಿನವನು. ಹೆಂಡತಿಯನ್ನು ರೇಗಿಸದ ದಿನ ಅವನಿಗೆ ಕಾಫಿ ರುಚಿಸುತ್ತಿರಲಿಲ್ಲ.

"ನಿಮ್ಮನ್ನ ಚೆಕ್ ಮಾಡಿದ್ರ ರಿಜೆಕ್ಟ್ ಪೆಟ್ಟಿಗಿಗೇ ಹಾಕಬೇಕಾಗ್ತಿತ್ತು. ಸುಮ್ನ ಕೂಡ್ರಿ," ಎಂದಿದ್ದಳು ಗುರುದೇವಿ.

ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಸೀಟಿನ ಅಡಿಯಲ್ಲಿರುವ ಲಾಕು ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ ಯೋಲಾಂಡಾಳದು. ಡೆಟ್ರಾಯಿಟ್‌ನಿಂದ ದಿನಾ ಬರುವ ಐವತ್ತೆಂಟರ ಗಟ್ಟಿ ಹೆಂಗಸು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಸೊಂಟ ಬಗ್ಗಿಸಿ ಸೀಟಿನ ಅಡಿಗೆ ಇಣುಕುವಳು. ದಿನಕ್ಕೆ ನಾನೂರು ಸಲ. ಮಧ್ಯಾಹ್ನದ ಮೇಲೆ ಸೊಂಟವೂ ಸೋಲುತ್ತಿತ್ತು, ಕಣ್ಣೂ ಸೋಲುತ್ತಿತ್ತು. ವಾರಕ್ಕೆ ಎಂಟೊಂಬತ್ತು ಸೀಟು ಅವಳ ಕಣ್ಣು ತಪ್ಪಿಸಿಕೊಂಡು ಹೋಗಿ ಮುಂದಿನ ಹಂತದಲ್ಲಿ ಸಿಕ್ಕಿಬೀಳುತ್ತಿದ್ದವು.

ಸೀಟು ಕೂರಿಸುವ ಸ್ಟ್ಯಾಂಡನ್ನೇ ಮೂವತ್ತು ಡಿಗ್ರಿ ವಾಲಿಸಿದರೆ ಲಾಕು ತಾನಾಗಿ ಕಣ್ಣೆದುರಿಗೆ ಬರುತ್ತದಲ್ಲ ಎಂದುಕೊಂಡಳು ಗುರುದೇವಿ. ಚಿತ್ರ ಬರೆದು ಸೋಮವಾರದ ಮೀಟಿಂಗಿಗೆ ಒಯ್ದಳು.

ಮ್ಯಾನೇಜರ್ ಡಾನಾ ಯಾರಿಗೂ ಮುಖ ಗಂಟಿಕ್ಕಿ ಮಾತಾಡಿದವಳಲ್ಲ. ಗುರುದೇವಿ ಎಂಬ ಹೆಸರು ಉದ್ದವಾಯಿತೆಂದು 'ಗುರು' ಎಂದು ಕರೆಯುತ್ತಿದ್ದಳು. ಎಲ್ಲವನ್ನೂ ಕೇಳಿ, ನಕ್ಕು, "ಗ್ರೇಟ್ ಐಡಿಯಾ, ಗುರು. ಲೆಟ್ಸ್ ಟೇಬಲ್ ಇಟ್," ಎಂದಳು. ಸುತ್ತ ಕೂತ ಏಳು ತಲೆಗಳು ಒಟ್ಟಿಗೆ ಅಲ್ಲಾಡಿದವು. ಮಾತು ಮುಂದಿನ ವಿಷಯಕ್ಕೆ ಹೋಯಿತು.

ಗುರುದೇವಿಯ ಎದೆ ಒಂದು ಅಂಗುಲ ಉಬ್ಬಿತು. ಅವಳ ಅಪ್ಪ ಧಾರವಾಡದಲ್ಲಿ ಜಿಲ್ಲಾ ಪಂಚಾಯಿತಿಯ ಗುಮಾಸ್ತರು. "ಇವತ್ತ ಕುಡಿಯೂ ನೀರಿನ ವಿಷಯ ಟೇಬಲ್ ಆತು," ಎಂದು ಅವರು ಊಟಕ್ಕೆ ಕೂತರೆ, ಅದು ಸಭೆಯ ಮುಂದೆ ಬಂತು, ಇನ್ನು ಅದನ್ನು ಯಾರೂ ಅಡಗಿಸಿಡುವಂತಿಲ್ಲ ಎಂದೇ ಅರ್ಥ. ವಿಧಾನಸಭೆಯಲ್ಲಿ ಮಸೂದೆ ಟೇಬಲ್ ಆಯಿತೆಂದರೂ ಅದೇ ಅರ್ಥ. ಎರಡನೆಯ ತಿಂಗಳಿಗೇ ತನ್ನ ಮಾತು ಟೇಬಲ್ ಆಯಿತು!

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, "ರೀ, ನಾ ಹೇಳಿದ್ದನ್ನ ನಮ್ ಮ್ಯಾನೇಜರ್ ಹಿಡಕೊಂಡ್ರು," ಎಂದಳು. ಟೇಬಲ್ ಎಂಬ ಪದವನ್ನು ಆಗಲೇ ಬಾಯಿಬಿಟ್ಟು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ.

ರವಿಶಂಕರ ಎಷ್ಟು ರೇಗಿಸುತ್ತಿದ್ದನೋ ಅಷ್ಟೇ ಹೆಮ್ಮೆಯವನು. ಅಲ್ಲಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ ಹಾಕಿಯೇಬಿಟ್ಟ. ಭಾನುವಾರ ಬಾಲಾಜಿ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಶ್ರೀಲತಾ ಆಂಟಿ ಕೈ ಹಿಡಿದುಕೊಂಡು, "ಏನಮ್ಮಾ, ಹೊಸಾ ಕಾರನ್ನೇ ಡಿಸೈನ್ ಮಾಡಿದೀಯಂತೆ!" ಎಂದರು.

"ಕಾರಲ್ಲ ಆಂಟಿ, ಸೀಟ್ ಇಡೂ ಸ್ಟ್ಯಾಂಡು," ಎಂದಳು ಗುರುದೇವಿ.

"ಅದೇ ಕಣಮ್ಮ, ಸ್ಟ್ಯಾಂಡಿಲ್ದೆ ಕಾರು ನಿಲ್ಲುತ್ತಾ?" ಎಂದುಬಿಟ್ಟರು ಆಂಟಿ.

ಟೇಬಲ್ ಆದ ಮೇಲೆ ಕೈಕಟ್ಟಿ ಕೂರುವುದುಂಟೆ? ಮುಂದಿನ ಸಭೆಗೆ ಲೆಕ್ಕ ಸಮೇತ ಸಿದ್ಧವಾಗಬೇಕು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸ್ಟ್ಯಾಂಡೊಂದನ್ನು ಹೊರತೆಗೆಸಿದಳು. ವೆಲ್ಡರ್‌ನಿಗೆ ಚಿತ್ರ ತೋರಿಸಿ, ಮನೆಯಿಂದ ಒಯ್ದ ಚಕ್ಕುಲಿಯ ಡಬ್ಬಿ ಕೈಗಿಟ್ಟು, ಅದರ ಕಾಲು ಕೊಯ್ಯಿಸಿ ವಾಲಿಸಿದಳು. ಯೋಲಾಂಡಾ ಅದರ ಮುಂದೆ ನೆಟ್ಟಗೆ ನಿಂತು, ಕನ್ನಡಿಯನ್ನು ಜೇಬಿಗೆ ಹಾಕಿಕೊಂಡು, "ಇಷ್ಟು ದಿನ ಎಲ್ಲಿದ್ದೆ ನೀನು?" ಎಂದು ಕೇಳಿದಳು. ಮೂರು ವಾರ ಪ್ರಯೋಗ ನಡೆಯಿತು. ಆ ಮೂರು ವಾರ ಡಾನಾ ಟೆಕ್ಸಸ್‌ನ ಕಾರ್ಖಾನೆಯಲ್ಲಿದ್ದಳು; ಅವಳೇ ಆಮೇಲೆ ಒಪ್ಪಿಗೆ ಕೊಟ್ಟಿರಬೇಕೆಂದು ಉಳಿದವರು ಅಂದುಕೊಂಡರು. ವಾರಕ್ಕೆ ಒಂಬತ್ತು ತಪ್ಪುತ್ತಿದ್ದ ಸೀಟು ಎರಡಕ್ಕೆ ಇಳಿಯಿತು.

ಡಾನಾ ಮರಳಿ ಬಂದು ಮೀಟಿಂಗ್ ಕರೆದ ಸೋಮವಾರದ ಹಿಂದಿನ ಸಂಜೆ. ಹನ್ನೆರಡರ ಮಗಳು ಸಿಯಾ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಮಕ್ಕಳು ಊಟ ಬಿಸಿ ಮಾಡಿಕೊಳ್ಳಲು ಶಾಲೆಯಲ್ಲಿ ಒಂದು ಮೈಕ್ರೋವೇವ್ ಇಡಬೇಕೆಂದು ಶುಕ್ರವಾರ ವಿದ್ಯಾರ್ಥಿಗಳ ಕೌನ್ಸಿಲ್‌ನಲ್ಲಿ ಅವಳು ಕೇಳಿದ್ದಳಂತೆ.

"ಏನಂದ್ರವಾ ಅದಕ್ಕ?"

"ದೇ ಟೇಬಲ್ಡ್ ಇಟ್, ಅಮ್ಮಾ. ಇಟ್ಸ್ ಸೋ ಅನ್‌ಫೇರ್!"

"ಅಯ್ಯ ಹುಚ್ಚಿ, ಟೇಬಲ್ ಮಾಡಿದ್ರ ಛಲೋನ ಆತಲ್ಲ! ಅಳೂದ್ಯಾಕ?"

ಸಿಯಾ ಅಮ್ಮನನ್ನು ವಿಚಿತ್ರ ಪ್ರಾಣಿಯಂತೆ ನೋಡಿದಳು. "ಅಮ್ಮಾ, ಟೇಬಲ್ಡ್ ಮೀನ್ಸ್ ನಾಟ್ ನೌ. ಮೇ ಬಿ ನೆವರ್."

ಈರುಳ್ಳಿ ಹೆಚ್ಚುತ್ತಿದ್ದ ಗುರುದೇವಿಯ ಕೈ ನಿಂತಿತು. "ರೀ!" ಎಂದು ಕೂಗಿದಳು. ರವಿಶಂಕರ ಓಡಿ ಬಂದ. ಡಾನಾ ಅಂದ ಮಾತನ್ನು ಈಗ ಅಕ್ಷರ ಅಕ್ಷರ ಹೇಳಿದಳು. ಅವನು ಮೊದಲು ಕುರ್ಚಿ ಹಿಡಿದುಕೊಂಡ, ಆಮೇಲೆ ಹೊಟ್ಟೆ ಹಿಡಿದುಕೊಂಡ. "ನಮ್ಮಲ್ಲಿ ಟೇಬಲ್ ಅಂದ್ರೆ ಮೇಲೆ ಇಡೋದು. ಇಲ್ಲಿ ಟೇಬಲ್ ಅಂದ್ರೆ ಕಪಾಟು ಕಣೇ! ಒಳಗಿಟ್ಟು ಬಾಗಿಲು ಹಾಕಿದ್ರು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೆಂಡತಿಯ ಕಣ್ಣಲ್ಲೂ ನೀರಿತ್ತು. ಅದು ಈರುಳ್ಳಿಯದಲ್ಲ ಎಂದು ತಿಳಿಯಲು ಅವನಿಗೆ ಒಂದು ನಿಮಿಷ ಹಿಡಿಯಿತು. ನಗು ನಿಲ್ಲಿಸಿ, ಅವಳ ಕೈಯಿಂದ ಚಾಕು ತೆಗೆದುಕೊಂಡ.

"ಬೇಡ ಅಂದದ್ದನ್ನ ನಾ ಮೂರು ವಾರ ಮಾಡೇನ್ರಿ. ನೌಕರಿ ಉಳೀತದೇನು?"

"ನಾಳೆ ಬೆಳಿಗ್ಗೆ ಬೇಗ ಹೋಗಿ ಹಳೇದನ್ನ ವಾಪಸ್ ಇಟ್ಬಿಡು. ಯಾರೂ ಕೇಳಲ್ಲ."

"ಯೋಲಾಂಡಾಗ ಏನು ಹೇಳ್ಲಿ? ಮತ್ತ ಬಗ್ಗು ಅಂತ ಹೇಳ್ಲೇನು?"

ರವಿಶಂಕರ ಈರುಳ್ಳಿಯ ಕಡೆಗೆ ತಿರುಗಿದ. ಉಳಿದದ್ದನ್ನು ಹೆಚ್ಚಿದ. ಬಲು ದಪ್ಪವಾಗಿ ಹೆಚ್ಚಿದ.

ಮರುದಿನ ಮೀಟಿಂಗಿನಲ್ಲಿ ಗುರುದೇವಿ ತಾನಾಗಿಯೇ ಎದ್ದು ನಿಂತಳು. ಟೇಬಲ್ ಎಂಬ ಪದ ತನ್ನ ದೇಶದಲ್ಲಿ ಏನು, ತಾನು ಏನು ತಿಳಿದೆ, ಏನು ಮಾಡಿದೆ ಎಂದು ಒಂದೂ ಬಿಡದೆ ಹೇಳಿದಳು. ಡಾನಾಳ ಮುಖದ ನಗು ಮೊದಲ ಸಲ ಮಾಯವಾಯಿತು.

"ಮುಂದಕ್ಕೆ ಹಾಕೋಣ ಎಂದು ನಾನು ಹೇಳಿದ್ದನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಾ?"

"ಹೌದು. ತಪ್ಪು ನನ್ನದು. ಆದರೆ ಲೆಕ್ಕ ಸುಳ್ಳಲ್ಲ," ಎಂದಳು ಗುರುದೇವಿ. ಮೂರು ವಾರದ ಲೆಕ್ಕದ ಹಾಳೆಯನ್ನು ಡಾನಾಳ ಮುಂದಿಟ್ಟಳು.

ಹಿಂದೊಮ್ಮೆ ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಹಿರಿಯ ಇಂಜಿನಿಯರೊಬ್ಬರು ಗಂಟಲು ಸರಿಮಾಡಿಕೊಂಡರು. "ಗುರು ಹೇಳಿದ ಅರ್ಥವೇ ಅಲ್ಲಿಯೂ. ನನ್ನದು ಉಲ್ಟಾ ಆಗಿತ್ತು. ಟೇಬಲ್ ಆಯಿತು ಎಂದು ಕೇಳಿ ನಾನು ಎದ್ದು ಊಟಕ್ಕೆ ಹೋಗಿಬಿಟ್ಟಿದ್ದೆ. ಬಂದು ನೋಡಿದರೆ ಎಲ್ಲರೂ ನನಗೇ ಕಾಯುತ್ತಿದ್ದರು," ಎಂದರು. ಯಾರೋ ಕಿಸಕ್ಕೆಂದರು. ಡಾನಾ ನಗಲಿಲ್ಲ. ಎದ್ದು ಸೀದಾ ಯೋಲಾಂಡಾ ಇದ್ದ ಕಡೆಗೆ ನಡೆದಳು. ಗುರುದೇವಿ ಹಿಂದೆ ಹಿಂದೆ ಓಡಿದಳು.

"ಹಳೆಯ ಸ್ಟ್ಯಾಂಡು ತನ್ನಿ. ಒಪ್ಪಿಗೆಯಿಲ್ಲದ ಬದಲಾವಣೆ ಇಲ್ಲಿ ನಡೆಯುವುದಿಲ್ಲ," ಎಂದಳು ಡಾನಾ.

ಯೋಲಾಂಡಾ ಹಳೆಯದನ್ನು ತರಿಸಿದಳು. ಜೇಬಿನಿಂದ ಕನ್ನಡಿ ತೆಗೆದು ಡಾನಾಳ ಕೈಗೆ ಕೊಟ್ಟಳು. "ತಗೊಳ್ಳಿ. ಇಪ್ಪತ್ತೇ ಇಪ್ಪತ್ತು ಸೀಟು ನೋಡಿ. ನನ್ನದು ನಾನೂರು."

ಸುತ್ತಲಿನ ಕೆಲಸ ನಿಂತಿತು. ಡಾನಾ ಕೋಟು ಬಿಚ್ಚಿ ಗುರುದೇವಿಯ ಕೈಗಿಟ್ಟು ಬಗ್ಗಿದಳು. ಹತ್ತರವರೆಗೆ ಬಿಗುಮಾನದಿಂದಲೇ ನೋಡಿದಳು. ಹದಿನೇಳನೆಯದಕ್ಕೆ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ, "ಸಾಕು," ಎಂದಳು.

"ಇನ್ನು ಮೂರಿವೆ," ಎಂದಳು ಯೋಲಾಂಡಾ.

ಡಾನಾ ಮೂರನ್ನೂ ನೋಡಿದಳು. ಹಾಗೆಂದು ಕ್ಷಮಿಸಿಬಿಡಲಿಲ್ಲ. ಗುರುದೇವಿಯನ್ನು ಕೋಣೆಗೆ ಕರೆದು, ಹೇಳದೆ ಕೇಳದೆ ಮಾಡಿದ್ದಕ್ಕೆ ಚೆನ್ನಾಗಿಯೇ ಬೈದಳು. ಕಾಗದಪತ್ರ ಮುಗಿಯುವವರೆಗೆ ಹನ್ನೊಂದು ದಿನ ಹಳೆಯ ಸ್ಟ್ಯಾಂಡೇ ಇತ್ತು. ಆ ಹನ್ನೊಂದು ದಿನವೂ ಮಧ್ಯಾಹ್ನದ ಮೇಲೆ ಎರಡು ಗಂಟೆ ಗುರುದೇವಿಯೇ ಕನ್ನಡಿ ಹಿಡಿದು ಬಗ್ಗಿದಳು. ಹನ್ನೆರಡನೆಯ ದಿನ ಒಪ್ಪಿಗೆ ಬಂತು. ಅಂಥ ಸ್ಟ್ಯಾಂಡು ಒಂದಲ್ಲ, ಐದು ಮಾಡಿಸಲು.

ಅವತ್ತು ಯೋಲಾಂಡಾ ಅವಳ ತೋಳು ಹಿಡಿದು ಪ್ಯಾಕಿಂಗ್ ಕಡೆಗೆ ಕರೆದೊಯ್ದಳು. ಅಲ್ಲಿ ಇಬ್ಬರು ನೆಲದ ಮೇಲಿಂದ ನಲವತ್ತು ಪೌಂಡಿನ ಪೆಟ್ಟಿಗೆಗಳನ್ನು ಎತ್ತುತ್ತಿದ್ದರು. "ಇದಕ್ಕೇನು ಮಾಡ್ತೀ?" ಎಂದು ಕೇಳಿದಳು.

ಗುರುದೇವಿ ಪೆಟ್ಟಿಗೆಯ ಎತ್ತರ ಅಳೆದಳು, ಎತ್ತುವವರ ಎತ್ತರವನ್ನೂ ಅಳೆದಳು. ಆಮೇಲೆ, "ಮೊದಲು ಕೇಳಿಕೊಂಡು ಬರ್ತೀನಿ," ಎಂದು ಡಾನಾಳ ಕೋಣೆಯ ಕಡೆಗೆ ಹೊರಟಳು.